ತಾತನವರ ಕೊರವಂಜಿ ಸಂಪುಟಗಳು

ಈ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯ ಲೇಖನವೊಂದು ಇರಲೇಬೇಕೆಂದು ಸಂಚಿಕೆಯ ಸಮಿತಿಯವರು ಎರಡು ತಿಂಗಳಿಂದ ನಮ್ಮನ್ನು ಕೇಳುತ್ತ ಬಂದಿದ್ದಾರೆ. ಶಾಲೆಯ ಚರಿತ್ರೆಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಬರೆದುಕೊಟ್ಟಿದ್ದಾರೆ. ಪರೀಕ್ಷೆಗಳ ಫಲಿತಾಂಶವು ವರದಿಯಲ್ಲಿ ಇದ್ದೇ ಇದೆ. ಇನ್ನು ಹಿತವಚನವೆಂದರೆ, ಪ್ರತಿ ಸೋಮವಾರ ಬೆಳಗ್ಗೆ ಅದನ್ನು ನಮ್ಮ ಬಾಯಿಂದ ಕೇಳಿ ಬೇಸತ್ತು ಹೊರಟುಹೋದ ಹಳೆಯ ವಿದ್ಯಾರ್ಥಿನಿಯರಿಗೆ ಅದನ್ನೇ ಅಚ್ಚುಹಾಕಿಸಿ ಹಣ ಕೊಟ್ಟು ಕೊಳ್ಳಿರೆಂದು ಹೇಳುವುದು ನ್ಯಾಯವಾಗಲಾರದು. ಆದಕಾರಣ ನಮ್ಮ ಬಾಲ್ಯದಲ್ಲಿ ನಮ್ಮನ್ನು ನಗಿಸಿದ ಕೆಲವು ಚಿತ್ರಗಳ ವಿಷಯವನ್ನೂ, ಆ ಚಿತ್ರಗಳನ್ನು ಅಷ್ಟು ನೋಡಿದ್ದರೂ ನಾವು ಮಾಡಿದ ಒಂದು ತಪ್ಪಿನ ವಿಷಯವನ್ನೂ ಇಲ್ಲಿ ಬರೆಯುತ್ತೇವೆ. ತಪ್ಪಿನ ಭಾಗವನ್ನು ಓದಿ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಸಂತೋಷಪಟ್ಟರೆ ನಮ್ಮ ಆಕ್ಷೇಪಣೆಯಿಲ್ಲ.

ನಮ್ಮ ತಾತನವರು ಮಿಶನ್ ಶಾಲೆಯಲ್ಲಿ ಬಹುಕಾಲ ಉಪಾಧ್ಯಾಯರಾಗಿದ್ದು, ನಿವೃತ್ತರಾದ ಮೇಲೆ ತುಮಕೂರಿನಲ್ಲಿ ಒಂದು ಹೆಂಚಿನ ಮನೆಯಲ್ಲಿ ವಾಸವಾಗಿದ್ದರು. ಬೇಸಗೆಯ ರಜೆಗೂ ಕ್ರಿಸ್ಮಸ್ ರಜೆಗೂ ನಮ್ಮನ್ನು ಅಲ್ಲಿಗೆ ಕಳುಹಿಸುವ ವಾಡಿಕೆಯಿದ್ದಿತು. ಇದು 1980ರ ದಶಕದ ಮಾತು. ಆ ಮನೆಯ ನಡುಮನೆಯಲ್ಲಿ ಗಾಜಿನ ಬಾಗಿಲಿನ ಒಂದು ಬೀರು. ಮೇಲಿನ ಹಲಗೆಯಲ್ಲಿ ಸತ್ಯವೇದ, ಕೀರ್ತನೆಗಳ ಪುಸ್ತಕ, ಒಂದು ನಿಘಂಟು. ಕೆಳಗಿನ ಹಲಗೆಯಲ್ಲಿ ಕಂದುಬಣ್ಣದ ಬಟ್ಟೆಯ ಬೆನ್ನಿನ ಹದಿನಾಲ್ಕು ದಪ್ಪ ಸಂಪುಟಗಳು. ಇವೇ ‘ಕೊರವಂಜಿ’ಯ ಸಂಪುಟಗಳು.

ಈಗಿನ ಮಕ್ಕಳಿಗೆ ಕೊರವಂಜಿಯೆಂದರೆ ಬುಟ್ಟಿ ಹಿಡಿದು ಕಣಿ ಹೇಳಲು ಬರುತ್ತಿದ್ದವಳೆಂಬುದೇ ತಿಳಿಯದು. ಅದು ಒಂದು ಮಾಸಪತ್ರಿಕೆಯ ಹೆಸರಾಗಿದ್ದಿತೆಂಬುದಂತೂ ಹೇಗೆ ತಿಳಿದೀತು? ಬೆಂಗಳೂರಿನಲ್ಲಿ ವೈದ್ಯರಾಗಿದ್ದ ಡಾ. ಎಂ. ಶಿವರಾಂ ಅವರು 1942ರಲ್ಲಿ ಈ ಹಾಸ್ಯಪತ್ರಿಕೆಯನ್ನು ಆರಂಭಿಸಿದರು. ‘ರಾಶಿ’ ಎಂಬುದು ಅವರ ಕಾವ್ಯನಾಮ. ಹಗಲೆಲ್ಲ ರೋಗಿಗಳ ನಾಡಿ ಹಿಡಿದು, ಉಳಿದ ಹೊತ್ತಿನಲ್ಲಿ ಊರಿನ ನಾಡಿಯನ್ನು ಹಿಡಿಯುತ್ತಿದ್ದ ಇವರು ಇಪ್ಪತ್ತೈದು ವರ್ಷಗಳ ಕಾಲ, ಅಂದರೆ 1967ರ ವರೆಗೆ, ಅದನ್ನು ನಡೆಯಿಸಿದರು. ಯುದ್ಧದ ದಿನಗಳು, ಕಾಗದಕ್ಕೆ ಬರ, ಅಕ್ಕಿಗೆ ಪಡಿತರ. ಅಂಥ ಕಾಲದಲ್ಲಿ ಜನರಿಗೆ ನಗೆಯನ್ನು ಹಂಚಬೇಕೆಂದು ಒಬ್ಬ ಡಾಕ್ಟರಿಗೆ ತೋರಿದ್ದು ಆಶ್ಚರ್ಯವೆಂದು ಕೆಲವರೆನ್ನಬಹುದು. ತಾತನವರಿಗೆ ಮಾತ್ರ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಮೊದಲ ವರ್ಷದಿಂದಲೇ ಚಂದಾದಾರರಾಗಿ, ವರ್ಷ ವರ್ಷವೂ ಹನ್ನೆರಡು ಸಂಚಿಕೆಗಳನ್ನು ಕೂಡಿಸಿ ಬೈಂಡು ಹಾಕಿಸಿದರು. ಲೆಕ್ಕದಂತೆ ಇಪ್ಪತ್ತೈದು ಸಂಪುಟಗಳಿರಬೇಕಾಗಿದ್ದಿತು. ಉಳಿದುವೆಲ್ಲಿ ಎಂದು ಕೇಳಿದರೆ, “ಎರಡನ್ನು ಗೆದ್ದಲು ತಿಂದಿತು, ಒಂಬತ್ತನ್ನು ಸ್ನೇಹಿತರು ತಿಂದರು” ಎನ್ನುತ್ತಿದ್ದರು.

ಸಂಬಳವೇ ಸಾಲದ ಮೇಷ್ಟರಿಗೆ ನಗುವ ಪತ್ರಿಕೆಯೊಂದು ಕೇಡು ಎಂಬುದು ಅಜ್ಜಿಯವರ ಅಭಿಪ್ರಾಯವಾಗಿದ್ದಿತಂತೆ. ಆದರೆ ಟಿ. ಸುನಂದಮ್ಮನವರ ಲೇಖನವು ಬಂದ ತಿಂಗಳಲ್ಲಿ ಮಾತ್ರ ಸಂಚಿಕೆಯು ಮೊದಲು ಅಡಿಗೆಮನೆಗೆ ಹೋಗಿ, ಒಗ್ಗರಣೆಯ ವಾಸನೆಯನ್ನು ಹೊತ್ತುಕೊಂಡು ತಾತನವರ ಕೈಗೆ ಬರುತ್ತಿದ್ದಿತು. ಹೆಂಗಸರು ನಗಿಸಬಲ್ಲರೆಂದು ಕನ್ನಡದಲ್ಲಿ ತೋರಿಸಿಕೊಟ್ಟವರಲ್ಲಿ ಸುನಂದಮ್ಮನವರು ಮೊದಲಿಗರು. ಆ ಪುಟಗಳ ಅಂಚಿನಲ್ಲಿದ್ದ ಅರಿಸಿನದ ಬೆರಳಚ್ಚನ್ನು ನಾವೇ ನೋಡಿದ್ದೇವೆ.

ನಮಗಾದರೋ ಆಗ ಏಳೆಂಟು ವರ್ಷ. ಲೇಖನಗಳು ನಮಗೆ ಬೇಕಾಗಿರಲಿಲ್ಲ, ಚಿತ್ರಗಳು ಬೇಕಾಗಿದ್ದುವು. ಸಂಪುಟವನ್ನು ಮುಟ್ಟುವ ಮೊದಲು ಕೈ ತೊಳೆದು ಬರಬೇಕೆಂಬುದು ಕಟ್ಟಳೆ. ತೊಳೆದ ಕೈಯನ್ನು ತಾತನವರು ತಿರುವಿ ಮುರುವಿ ನೋಡಿ ಒಪ್ಪಿದ ಮೇಲೆ ಚಾಪೆಯ ಮೇಲೆ ಪುಸ್ತಕವು ಬಿಚ್ಚಿಕೊಳ್ಳುತ್ತಿದ್ದಿತು. ಒಡನೆಯೇ ಒಂದು ಆಟ. ಚಿತ್ರದ ಕೆಳಗಿನ ಮಾತನ್ನು ಅವರು ತಮ್ಮ ಮರದ ರೂಲುದೊಣ್ಣೆಯಿಂದ ಮುಚ್ಚಿ, “ಏನು ನಡೆದಿದೆ, ಹೇಳು” ಎನ್ನುವರು. ನಾವು ಏನಾದರೂ ಹೇಳುವೆವು. “ಮುಖ ನೋಡಿ ಹೇಳಿದೆ. ಕಾಲು ನೋಡಿದೆಯಾ?” ಎನ್ನುವರು. ಕಾಲನ್ನು ನೋಡಿದರೆ ಆ ಮನುಷ್ಯನು ಬಾಯಲ್ಲಿ ಧೈರ್ಯ ಹೇಳುತ್ತಿದ್ದರೂ ಹಿಮ್ಮಡಿಯು ಬಾಗಿಲ ಕಡೆಗೆ ತಿರುಗಿರುವುದು ಕಾಣುವುದು. ಆಮೇಲೆ ಕೊಡೆ, ಆಮೇಲೆ ಮೂಲೆಯಲ್ಲಿರುವ ನಾಯಿ. ಎಲ್ಲವನ್ನೂ ನೋಡಿ ಮುಗಿಸಿದ ಮೇಲೆಯೇ ರೂಲುದೊಣ್ಣೆಯು ಸರಿಯುವುದು. ಎಷ್ಟೋ ವೇಳೆ ಕೆಳಗಿದ್ದ ಮಾತಿಗಿಂತ ನಾವು ಊಹಿಸಿದ್ದೇ ಚೆನ್ನಾಗಿದೆಯೆಂದು ತಾತನವರು ತೀರ್ಪು ಕೊಟ್ಟದ್ದುಂಟು. ಅದು ಮೊಮ್ಮಗಳ ಮೇಲಿನ ಪಕ್ಷಪಾತವಾಗಿರಬೇಕು. ಮುಂದೆ ನಾವು ಶಿಕ್ಷಕರ ತರಬೇತಿಯಲ್ಲಿ ಅವಲೋಕನ ಪಾಠವೆಂಬುದನ್ನು ದೊಡ್ಡ ದೊಡ್ಡ ಹೆಸರುಗಳೊಡನೆ ಕಲಿತೆವು. ಆ ಚಾಪೆಯ ಮೇಲೆ ಕಲಿತದ್ದಕ್ಕಿಂತ ಹೆಚ್ಚೇನೂ ಅದರಲ್ಲಿರಲಿಲ್ಲ.

ಆ ಸಂಪುಟಗಳಲ್ಲಿ ಚಿತ್ರ ಬರೆದವರು ಅನೇಕರು. ಅವರಲ್ಲಿ ಒಬ್ಬರ ಕೈಯನ್ನು ಅಂಕಿತವನ್ನು ನೋಡದೆಯೇ ಗುರುತು ಹಿಡಿಯುವಂತೆ ತಾತನವರು ನಮಗೆ ಅಭ್ಯಾಸ ಮಾಡಿಸಿದ್ದರು. ಕುಂಚದ ಒಂದೇ ಎಳೆತವು ಇಲ್ಲಿ ದಪ್ಪ, ಅಲ್ಲಿ ಸಣ್ಣ. ಅಷ್ಟರಲ್ಲಿಯೇ ಒಬ್ಬ ಮನುಷ್ಯನ ಬೆನ್ನು ಬಾಗಿ, ಪಂಚೆಯ ತುದಿ ಜಾರಿ, ಅವನ ಜಂಬವೆಲ್ಲ ಹೊರಬೀಳುತ್ತಿದ್ದಿತು. “ಈತ ನಮ್ಮ ಮೈಸೂರಿನ ಹುಡುಗ, ಹೆಡ್ಮಾಸ್ಟರ ಮಗ” ಎಂದು ತಾತನವರು ಸ್ವಂತ ತಮ್ಮನ ಮಾತನ್ನಾಡುವಂತೆ ಹೇಳುತ್ತಿದ್ದರು. ಆ ಹುಡುಗನೇ ಆರ್. ಕೆ. ಲಕ್ಷ್ಮಣ್ ಅವರು. ನಾವು ಈ ಮಾತನ್ನು ಕೇಳುವ ವೇಳೆಗೆ ಹುಡುಗನಿಗೆ ಅರುವತ್ತು ದಾಟಿ, ದೇಶವೆಲ್ಲ ಅವರನ್ನು ಬಲ್ಲುದಾಗಿದ್ದಿತು. 1984ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯೂ ಬಂದಿದ್ದಿತು.

ಲಕ್ಷ್ಮಣ್ ಅವರು ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದರು. ಕಾದಂಬರಿಕಾರರಾದ ಆರ್. ಕೆ. ನಾರಾಯಣ್ ಅವರ ಕಿರಿಯ ತಮ್ಮ. ಓದಲು ಬರುವುದಕ್ಕೆ ಮೊದಲೇ ಮನೆಗೆ ಬರುತ್ತಿದ್ದ ‘ಸ್ಟ್ರಾಂಡ್’, ‘ಪಂಚ್’ ಮೊದಲಾದ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗಿರುತ್ತಿದ್ದರಂತೆ. ‘ಹಿಂದೂ’ ಪತ್ರಿಕೆಯಲ್ಲಿ ಆಗಾಗ ಬರುತ್ತಿದ್ದ ಡೇವಿಡ್ ಲೋ ಎಂಬ ಮಹಾ ವ್ಯಂಗ್ಯಚಿತ್ರಕಾರರ ಅಂಕಿತವನ್ನು ‘ಕೌ’ ಎಂದು ಓದಿಕೊಂಡು, ಇಷ್ಟು ಚೆನ್ನಾಗಿ ಬರೆಯುವವರ ಹೆಸರು ಹಸುವೆಂದೇ ಬಹುಕಾಲ ನಂಬಿದ್ದರಂತೆ. ಮನೆಯ ನೆಲ, ಗೋಡೆ, ಬಾಗಿಲುಗಳೆಲ್ಲ ಇವರ ಹಲಗೆಗಳಾಗಿದ್ದುವು. ಶಾಲೆಯಲ್ಲಿ ಎಲೆಯೊಂದನ್ನು ಬರೆಯಲು ಹೇಳಿದಾಗ ಇವರು ಬರೆದ ಅರಳಿಯ ಎಲೆಯನ್ನು ನೋಡಿ ಉಪಾಧ್ಯಾಯರೊಬ್ಬರು ಮೆಚ್ಚಿಕೊಂಡರು. ತಾನು ಚಿತ್ರಕಾರನಾಗುವೆನೆಂದು ಹುಡುಗನು ನಿಶ್ಚಯಿಸಿದ್ದು ಅಂದಿನಿಂದ. ಆಮೇಲೆ ಬೊಂಬಾಯಿಯ ಜೆ. ಜೆ. ಕಲಾಶಾಲೆಯವರು ಇವರಲ್ಲಿ ಬೇಕಾದಷ್ಟು ಪ್ರತಿಭೆಯಿಲ್ಲವೆಂದು ಸೇರಿಸಿಕೊಳ್ಳದೆ ಹೋದರು. ಇವರು ಮಹಾರಾಜ ಕಾಲೇಜಿನಲ್ಲಿ ಬಿ.ಎ. ಓದುತ್ತ, ಅಣ್ಣನ ಕಥೆಗಳಿಗೂ ನಮ್ಮ ಕೊರವಂಜಿಗೂ ಚಿತ್ರ ಬರೆದರು. ಅರಳಿಯ ಎಲೆಯನ್ನು ಮೆಚ್ಚಿದ ಆ ಉಪಾಧ್ಯಾಯರ ವಿಷಯವನ್ನು ನಾವು ಆಗಾಗ ಯೋಚಿಸುವುದುಂಟು. ಅವರಿಗೆ ಅದು ಆ ದಿನದ ನಾಲ್ಕನೆಯ ಪಾಠವೋ ಐದನೆಯದೋ ಆಗಿದ್ದಿರಬಹುದು.

ಬೊಂಬಾಯಿಯಲ್ಲಿ ರೈಲ್ವೆಯ ಕೆಲಸದಲ್ಲಿದ್ದ ನಮ್ಮ ಸೋದರಮಾವನವರಿಂದ ಈ ಸಂಪುಟಗಳಿಗೆ ಮುಂದಿನ ಅಧ್ಯಾಯವು ಒದಗಿತು. ಲಕ್ಷ್ಮಣ್ ಅವರು ಟೈಮ್ಸ್ ಆಫ್ ಇಂಡಿಯಾ ಪತ್ರಿಕೆಯಲ್ಲಿ 1951ರಿಂದ ‘ಯೂ ಸೆಡ್ ಇಟ್’ ಎಂಬ ಸಣ್ಣ ಚಿತ್ರವನ್ನು ದಿನವೂ ಬರೆಯುತ್ತಿದ್ದರಷ್ಟೆ. ಮಾವನವರು ಅವನ್ನು ಕತ್ತರಿಸಿ, ತಿಂಗಳಿಗೊಮ್ಮೆ ಲಕೋಟೆಯಲ್ಲಿ ತುಂಬಿ ತಾತನವರಿಗೆ ಕಳುಹಿಸುತ್ತಿದ್ದರು. ಪತ್ರದಲ್ಲಿ ಕ್ಷೇಮಸಮಾಚಾರವು ಎರಡು ಸಾಲು. ಕತ್ತರಿಸಿದ ಚೂರುಗಳು ಇಪ್ಪತ್ತೈದು. ಒಂದು ಸಲ ಮಾವನವರು ಅವಸರದಲ್ಲಿ ಕೆಳಗಿನ ಮಾತನ್ನು ಬಿಟ್ಟು ಚಿತ್ರವನ್ನಷ್ಟೇ ಕತ್ತರಿಸಿ ಕಳುಹಿಸಿದ್ದರು. ತಾತನವರಿಗೆ ಆ ತಿಂಗಳು ರೂಲುದೊಣ್ಣೆಯೇ ಬೇಕಾಗಲಿಲ್ಲ.

ಆ ಚೂರುಗಳಲ್ಲಿಯೇ ನಮಗೆ ಶ್ರೀಸಾಮಾನ್ಯನ ದರ್ಶನವಾದದ್ದು. ಬೋಳುತಲೆ, ಕಿವಿಗಳ ಮೇಲೆ ಎರಡು ಬಿಳಿಯ ಜುಟ್ಟು, ದುಂಡು ಕನ್ನಡಕ, ಪೊದೆ ಮೀಸೆ, ಚೌಕಳಿಯ ಕೋಟು, ಪಂಚೆ. ಮಂತ್ರಿಗಳು ಭಾಷಣ ಮಾಡುತ್ತಿರುವಲ್ಲಿ ಒಂದು ಮೂಲೆಯಲ್ಲಿರುವನು, ರಸ್ತೆಯ ಗುಂಡಿಯ ಬಳಿಯಲ್ಲಿರುವನು, ಕಚೇರಿಯ ಬಾಗಿಲಲ್ಲಿರುವನು. ಎಲ್ಲವನ್ನೂ ನೋಡುವನು, ಒಂದು ಮಾತನ್ನೂ ಆಡನು. ಮನೆಯಲ್ಲಿ ಮಾತನಾಡುವವಳು ಅವನ ಹೆಂಡತಿ. “ಈ ತಾತ ಯಾಕೆ ಮಾತಾಡುವುದಿಲ್ಲ?” ಎಂದು ನಾವು ಕೇಳಿದೆವು. ನಮ್ಮ ತಾತನವರು ಏನು ಹೇಳುತ್ತಿದ್ದರೋ, ಅಷ್ಟರಲ್ಲಿ ಅಜ್ಜಿಯವರು ಅಡಿಗೆಮನೆಯಿಂದ, “ಮಾತಾಡಿದರೆ ಯಾರು ಕೇಳುತ್ತಾರೆ?” ಎಂದರು. ತಾತನವರು ಮಾತನಾಡಲಿಲ್ಲ.

ಮಾಲ್ಗುಡಿಯ ಕಥೆಗಳನ್ನು ಶಂಕರನಾಗ್ ಅವರು ಆಗುಂಬೆಯಲ್ಲಿ ಚಿತ್ರಿಸಿ, ಅವು ದೂರದರ್ಶನದಲ್ಲಿ ಬರತೊಡಗಿದ್ದೂ ಆ ವರ್ಷಗಳಲ್ಲಿಯೇ. ಪಕ್ಕದ ಮನೆಯ ನಡುಮನೆಯಲ್ಲಿ ಇಪ್ಪತ್ತು ಜನರ ನಡುವೆ ಕುಳಿತು ನೋಡುತ್ತಿದ್ದೆವು. ಶೀರ್ಷಿಕೆಯೊಡನೆ ಬರುವ ಚಿತ್ರಗಳನ್ನು ಕಂಡೊಡನೆ, “ಇದು ನಮ್ಮ ಬೀರುವಿನವರು ಬರೆದದ್ದು!” ಎಂದು ನಾವು ಕೂಗಿದುದನ್ನು ಆ ಬೀದಿಯವರು ಬಹುಕಾಲ ಹೇಳಿಕೊಂಡು ನಗುತ್ತಿದ್ದರು.

ನಮಗೆ ಹತ್ತು ತುಂಬಿದ ವರ್ಷದ ಕ್ರಿಸ್ಮಸ್ ರಜೆಯಲ್ಲಿ ನಾವೂ ಒಂದು ಚಿತ್ರವನ್ನು ಬರೆದೆವು. ತಾತನವರ ತಲೆಯಲ್ಲಿಯೂ ಆಗ ಎರಡು ಬಿಳಿಯ ಜುಟ್ಟುಗಳಷ್ಟೇ ಉಳಿದಿದ್ದುವು. ಚೌಕಳಿಯ ಕೋಟೂ ಇದ್ದಿತು. ಅವರನ್ನು ಶ್ರೀಸಾಮಾನ್ಯನನ್ನಾಗಿ ಮಾಡಿ, ಕೈಗೆ ರೂಲುದೊಣ್ಣೆಯನ್ನು ಕೊಟ್ಟು, ಎದುರಿಗೆ ಸೌಟು ಹಿಡಿದ ಅಜ್ಜಿಯವರನ್ನು ನಿಲ್ಲಿಸಿದ್ದೆವು. ಹಬ್ಬದೂಟಕ್ಕೆ ಬಂದಿದ್ದ ನೆಂಟರ ಕೈಯಿಂದ ಕೈಗೆ ಅದು ದಾಟಿತು. ದೊಡ್ಡತ್ತೆಯವರು ಮಾತ್ರ ನಗದೆ, ಹಿರಿಯರನ್ನು ಹೀಗೆ ಬರೆಯಬಹುದೆ, ಈ ಹುಡುಗಿಗೆ ಸದರ ಹೆಚ್ಚಾಯಿತೆಂದರು. ನಮಗೆ ಎದೆ ಹೊಡೆದುಕೊಂಡಿತು. ತಾತನವರು ಕನ್ನಡಕವನ್ನು ಏರಿಸಿ, ಚಿತ್ರವನ್ನು ದೂರಕ್ಕೂ ಹತ್ತಿರಕ್ಕೂ ಹಿಡಿದು ನೋಡಿ, “ಕಾಲು ಸರಿಯಾಗಿ ಬಂದಿಲ್ಲ. ನಾನು ಇವಳ ಮುಂದೆ ಇಷ್ಟು ನೆಟ್ಟಗೆ ಎಂದಾದರೂ ನಿಂತಿದ್ದೇನೆಯೆ?” ಎಂದರು. ದೊಡ್ಡತ್ತೆಯವರೂ ನಕ್ಕರು. ಆ ಕಾಗದವು ಆಮೇಲೆ ಎಲ್ಲಿ ಹೋಯಿತೆಂದು ನಾವು ಕೇಳಲಿಲ್ಲ. ತಾತನವರು 1996ರಲ್ಲಿ ತೀರಿಕೊಂಡರು.

ಇನ್ನು ತಪ್ಪಿನ ವಿಷಯ.

2006ರಲ್ಲಿ ನಾವು ಈ ಶಾಲೆಗೆ ಸಹಾಯಕ ಶಿಕ್ಷಕಿಯಾಗಿ ಬಂದು ಕೆಲವೇ ತಿಂಗಳಾಗಿದ್ದುವು. ವಯಸ್ಸು ಇಪ್ಪತ್ತೇಳು. ಒಂಬತ್ತನೆಯ ತರಗತಿಗೆ ಭೂಗೋಳ ಹೇಳುತ್ತಿದ್ದೆವು. ಹೊಸ ಶಿಕ್ಷಕಿಯರೆಲ್ಲರಂತೆ ನಮಗೂ ತರಗತಿಯು ಕೈಮೀರಿ ಹೋದೀತೆಂಬ ಭಯವು ಇದ್ದೇ ಇದ್ದಿತು. ಭಯವಿದ್ದುದರಿಂದ ಧ್ವನಿಯು ದೊಡ್ಡದಾಗಿದ್ದಿತು. ಒಂದು ಮಧ್ಯಾಹ್ನ ಭೂಪಟದ ಕಡೆಗೆ ತಿರುಗಿದ್ದಾಗ ಹಿಂದಿನ ಬೆಂಚುಗಳಲ್ಲಿ ನಗೆಯೆದ್ದಿತು. ಹೋಗಿ ನೋಡಿದರೆ ಒಂದು ನೋಟುಪುಸ್ತಕದಲ್ಲಿ ನಾವೇ ಇದ್ದೆವು. ಕತ್ತು ಕೊಕ್ಕರೆಯದು, ಕನ್ನಡಕವು ನೆತ್ತಿಯ ಮೇಲೆ, ಭೂಪಟದ ಕೋಲು ಈಟಿಯಂತೆ ಮೇಲೆದ್ದಿದೆ. ಎದುರಿಗೆ ನಾಲ್ಕು ಸಾಲು ಬೆಂಚುಗಳು. ಬೆಂಚುಗಳ ಮೇಲೆಲ್ಲ ಎರಡು ಜಡೆ ಹಾಕಿ ರಿಬ್ಬನ್ನು ಕಟ್ಟಿದ ಕಾಗೆಗಳು.

ಪುಸ್ತಕವನ್ನು ಕಿತ್ತುಕೊಂಡೆವು. ಹುಡುಗಿಯನ್ನು ಉಳಿದ ಎರಡು ಅವಧಿಗಳೂ ವರಾಂಡದಲ್ಲಿ ನಿಲ್ಲಿಸಿದೆವು. ಮರುದಿನ ತಾಯಿಯನ್ನು ಕರೆತರಬೇಕೆಂದು ಹೇಳಿ ಕಳುಹಿಸಿದೆವು. ಆ ತಾಯಿಯು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಕೆಲಸ ಮಾಡುವಾಕೆ; ಅರ್ಧ ದಿನದ ಕೂಲಿಯನ್ನು ಬಿಟ್ಟು ಬಂದಿದ್ದಳು. ಶಿಕ್ಷಕಿಯರ ಕೊಠಡಿಯಲ್ಲಿ ನಿಂತು, “ತಪ್ಪಾಯಿತು ಮಿಸ್, ಇನ್ನೊಂದು ಸಲ ಬರೆಯುವುದಿಲ್ಲ” ಎಂದು ಮಗಳ ಪರವಾಗಿ ತಾನೇ ಕಣ್ಣೀರು ಹಾಕಿದಳು. ಹುಡುಗಿಯೂ ಕ್ಷಮೆ ಕೇಳಿದಳು. ನಾವು ಗೆದ್ದೆವು. ಪುಸ್ತಕವನ್ನು ಹಿಂದಕ್ಕೆ ಕೊಡದೆ ಬೀರುವಿನಲ್ಲಿ ಹಾಕಿ ಬೀಗ ಹಾಕಿದೆವು. ಹುಡುಗಿಯು ಮಾತಿನಂತೆ ನಡೆದುಕೊಂಡಳು. ಆ ವರ್ಷದ ಚಿತ್ರಸ್ಪರ್ಧೆಗೆ ಅವಳನ್ನು ಕಳುಹಿಸಬೇಕೆಂದು ಡ್ರಾಯಿಂಗ್ ಶಿಕ್ಷಕಿಯವರು ಕರೆದಾಗ, ತನಗೆ ಬರೆಯಲು ಬಾರದೆಂದಳಂತೆ. ಹತ್ತನೆಯ ತರಗತಿಯನ್ನು ಮುಗಿಸಿಕೊಂಡು ಹೊರಟುಹೋದಳು.

ಲಕ್ಷ್ಮಣ್ ಅವರು 2015ರ ಜನವರಿ 26ರಂದು ಪುಣೆಯಲ್ಲಿ ತೀರಿಕೊಂಡರು. ಬೆಳಗ್ಗೆ ಶಾಲೆಯಲ್ಲಿ ಧ್ವಜಾರೋಹಣವನ್ನು ಮುಗಿಸಿ, ಮಿಠಾಯಿ ಹಂಚಿ ಮನೆಗೆ ಬಂದಿದ್ದೆವು. ಸಂಜೆ ಸುದ್ದಿ ತಿಳಿಯಿತು. ಅಷ್ಟರಲ್ಲಿ ತುಮಕೂರಿನ ಮನೆಯು ಕೈಬಿಟ್ಟುಹೋಗಿ, ಆ ಬೀರುವಿನ ಪುಸ್ತಕಗಳು ನಮ್ಮ ಮನೆಯ ಅಟ್ಟಕ್ಕೆ ಬಂದು ಬಹಳ ದಿನಗಳಾಗಿದ್ದುವು. ಆ ರಾತ್ರಿ ಪೆಟ್ಟಿಗೆಗಳನ್ನು ಇಳಿಸಿದೆವು. ಸಂಪುಟಗಳ ಜೊತೆಯಲ್ಲಿ ತಾತನವರ ಕೀರ್ತನೆಗಳ ಪುಸ್ತಕವೂ ಇದ್ದಿತು. ಅದರೊಳಗೆ ನಾಲ್ಕಾಗಿ ಮಡಿಸಿದ ಒಂದು ಕಾಗದ. ನಾವು ಹತ್ತನೆಯ ವಯಸ್ಸಿನಲ್ಲಿ ಬರೆದ ಚಿತ್ರ. ಮಡಿಕೆಗಳು ಹರಿದು, ಹಿಂದೆ ತೆಳುಕಾಗದದ ಪಟ್ಟಿಗಳನ್ನು ಅಂಟಿಸಿದ್ದಿತು. ಅಂದರೆ ಅದನ್ನು ಎಷ್ಟೋ ಸಲ ಬಿಚ್ಚಿ ನೋಡಿದ್ದರು. ಅಜ್ಜಿಯವರ ಸೌಟಿನ ಕೆಳಗೆ ತಾತನವರ ಅಕ್ಷರದಲ್ಲಿ ತಾರೀಖು, ನಮ್ಮ ಹೆಸರು. ಅದರ ಮುಂದೆ ಮೇಷ್ಟರ ರೂಢಿಯಂತೆ ಕೆಂಪು ಶಾಯಿಯಲ್ಲಿ ಹತ್ತಕ್ಕೆ ಎಂಟು.

ಮರುದಿನ ಶಾಲೆಯಲ್ಲಿ ಬೀರುವಿನ ಬೀಗವನ್ನು ತೆಗೆದು ಆ ನೋಟುಪುಸ್ತಕವನ್ನು ಹೊರಗೆ ತೆಗೆದೆವು. ಒಂಬತ್ತು ವರ್ಷಗಳ ಮೇಲೆ ಮೊದಲ ಸಲ ಅದನ್ನು ಕೋಪವಿಲ್ಲದೆ ನೋಡಿದೆವು. ಮೊದಲು ಚಿತ್ರ, ಆಮೇಲೆ ಮಾತು. ಈಟಿ ಹಿಡಿದಿದ್ದ ಶಿಕ್ಷಕಿಯ ಕಾಲನ್ನು ನೋಡಿದೆವು. ಒಂದು ಕಾಲಿನ ಹೆಬ್ಬೆರಳು ಇನ್ನೊಂದು ಕಾಲನ್ನು ತುಳಿದುಕೊಂಡಿದ್ದಿತು, ಉತ್ತರ ಬಾರದ ಹುಡುಗಿಯರು ನಿಲ್ಲುವಂತೆ. ಹದಿನಾಲ್ಕು ವರ್ಷದ ಹುಡುಗಿಯು ನಮ್ಮ ಭಯವನ್ನು ಕಂಡಿದ್ದಳು. ಕಾಗೆಗಳಂತೂ ನಮ್ಮವೇ. “ಕಾಗೆಗಳ ಹಾಗೆ ಕೂಗಬೇಡಿರಿ” ಎಂದು ಆ ತರಗತಿಗೆ ದಿನವೂ ಹೇಳುತ್ತಿದ್ದವರು ನಾವು. ಅವಳು ನಮ್ಮ ಮಾತನ್ನೇ ಬರೆದಿದ್ದಳು. ಲಕ್ಷ್ಮಣ್ ಅವರಿಗೆ ಕಾಗೆಗಳೆಂದರೆ ಬಹು ಪ್ರೀತಿ. ಎಷ್ಟೋ ಕಾಗೆಗಳನ್ನು ಬಿಡಿ ಬಿಡಿಯಾಗಿಯೂ ಗುಂಪಾಗಿಯೂ ಬರೆದಿದ್ದಾರೆ. ಹುಡುಗಿಯು ಅವನ್ನು ಕಂಡಿದ್ದಳೋ ಇಲ್ಲವೋ, ಅವಳ ಕಾಗೆಗಳಲ್ಲಿ ಒಂದು ಇನ್ನೊಂದರಂತಿರಲಿಲ್ಲ. ಮೂರನೆಯ ಸಾಲಿನಲ್ಲಿ ನಿದ್ದೆ ಹೋಗಿದ್ದ ಕಾಗೆಯು ಯಾರೆಂದು ಇಂದಿಗೂ ಹೇಳಬಲ್ಲೆವು. ಆಕೆಯು ಈಗ ದಾದಿಯಾಗಿದ್ದು, ಈ ಸಂಚಿಕೆಯನ್ನು ತಪ್ಪದೆ ಓದುವಳು.

ದಾಖಲಾತಿ ಪುಸ್ತಕದಲ್ಲಿದ್ದ ವಿಳಾಸಕ್ಕೆ ಕಾಗದ ಬರೆದೆವು. ಮನೆಯವರು ಬಿಟ್ಟುಹೋಗಿದ್ದಾರೆಂದು ಅದು ಹಿಂದಕ್ಕೆ ಬಂದಿತು. ಗೆಳತಿಯರ ಮೂಲಕ ಹೇಳಿ ಕಳುಹಿಸಿದೆವು. ಯಾರಿಗೂ ಗೊತ್ತಿರಲಿಲ್ಲ.

2024ರ ಮೇ ತಿಂಗಳಲ್ಲಿ ನಮ್ಮ ಪ್ರಾಥಮಿಕ ವಿಭಾಗದ ಐದನೆಯ ತರಗತಿಗೆ ಮಗಳನ್ನು ಸೇರಿಸಲು ಒಬ್ಬಾಕೆ ಬಂದು ನಮ್ಮ ಕೊಠಡಿಯ ಬಾಗಿಲಲ್ಲಿ ನಿಂತಳು. ನಾವು ಗುರುತು ಹಿಡಿಯುವ ಮೊದಲೇ ಆಕೆ ಹೆಸರು ಹೇಳಿದಳು. ಅರ್ಜಿಯ ಕೆಲಸವು ಮುಗಿದ ಮೇಲೆ ಮಗುವನ್ನು ಆಟದ ಬಯಲಿಗೆ ಕಳುಹಿಸಿ, ನೋಟುಪುಸ್ತಕವನ್ನು ಮೇಜಿನ ಮೇಲಿಟ್ಟು, ಕೇಳಬೇಕಾಗಿದ್ದ ಕ್ಷಮೆಯನ್ನು ಕೇಳಿದೆವು. ಇಷ್ಟು ವರ್ಷ ಮನಸ್ಸಿನಲ್ಲಿ ಜೋಡಿಸಿಟ್ಟಿದ್ದ ಮಾತುಗಳಲ್ಲಿ ಅರ್ಧವೂ ಬಾಯಿಗೆ ಬರಲಿಲ್ಲ.

ಆಕೆ ಪುಟ ತಿರುವಿ ಚಿತ್ರವನ್ನು ಬಹಳ ಹೊತ್ತು ನೋಡಿದಳು. “ಅಂದು ಇಲ್ಲಿಂದ ಹೋದಮೇಲೆ ಏನಾಯಿತು ಗೊತ್ತೆ ಮಿಸ್? ಬಸ್ ಸ್ಟಾಪಿನಲ್ಲಿ ನಮ್ಮಮ್ಮ ಇದ್ದಕ್ಕಿದ್ದ ಹಾಗೆ ನಗುವುದಕ್ಕೆ ಶುರು ಮಾಡಿದರು. ‘ಹೊಡೆಯಬೇಕು ನಿನ್ನ, ಆದರೆ ಆ ಅಮ್ಮನ ಕತ್ತು ಹಾಗೆಯೇ ಇದೆ ಕಣೆ’ ಅಂದರು” ಎಂದಳು. ನಾವೂ ನಕ್ಕೆವು. ತಾಯಿಯು ತೀರಿಕೊಂಡು ನಾಲ್ಕು ವರ್ಷವಾಯಿತೆಂದು ಆಮೇಲೆ ಹೇಳಿದಳು. ಮುಂದೆ ಬರೆದೆಯಾ ಎಂದು ಕೇಳಿದೆವು. “ಇಲ್ಲ ಮಿಸ್. ರಂಗೋಲಿ ಕೂಡ ಸೊಸೆಯಾಗಿ ಹೋದಮೇಲೆ ಅತ್ತೆ ಹೇಳಿಕೊಟ್ಟದ್ದು” ಎಂದಳು. ಅದರಲ್ಲಿ ನಮ್ಮ ಮೇಲಿನ ದೂರೇನೂ ಇರಲಿಲ್ಲ. ಹಾಲಿನವನು ಬರಲಿಲ್ಲವೆಂದು ಹೇಳುವಷ್ಟು ಸಹಜವಾಗಿ ಹೇಳಿದಳು. ಅದಕ್ಕೆ ಕೊಡಬಹುದಾದ ಉತ್ತರವು ನಮ್ಮಲ್ಲಿರಲಿಲ್ಲ, ಈಗಲೂ ಇಲ್ಲ.

ಪುಸ್ತಕವನ್ನು ತೆಗೆದುಕೊಂಡು ಹೋಗೆಂದೆವು. ಮನೆಯಲ್ಲಿ ಇಡಲು ಸ್ಥಳವಿಲ್ಲ, ನಿಮ್ಮಲ್ಲಿಯೇ ಇರಲಿ ಎಂದು ಬಿಟ್ಟುಹೋದಳು. ಹೋಗುವ ಮೊದಲು ಮಾತ್ರ ಮೇಜಿನ ಮೇಲಿದ್ದ ಪೆನ್ಸಿಲನ್ನು ಕೇಳಿ ತೆಗೆದುಕೊಂಡು, ಮೊದಲನೆಯ ಸಾಲಿನ ಕೊನೆಯಲ್ಲಿದ್ದ ಕಾಗೆಯೊಂದರ ರಿಬ್ಬನ್ನನ್ನು ಸರಿಮಾಡಿದಳು. ಅದು ತಾನೇ ಎಂದಳು.

ತಾತನವರ ಹದಿನಾಲ್ಕು ಸಂಪುಟಗಳನ್ನು ಕಳೆದ ವರ್ಷ ಶಾಲೆಯ ಪುಸ್ತಕಭಂಡಾರಕ್ಕೆ ಕೊಟ್ಟಿದ್ದೇವೆ. ಕಿಟಕಿಯ ಬದಿಯ ಬೀರುವಿನಲ್ಲಿ ಕೆಳಗಿನ ಹಲಗೆಯ ಮೇಲೆ ಇವೆ. ಹದಿನೈದನೆಯದಾಗಿ ನಿಂತಿರುವ ತೆಳ್ಳಗಿನ ನೋಟುಪುಸ್ತಕವನ್ನು ಹಳೆಯ ವಿದ್ಯಾರ್ಥಿನಿಯರು ಶಾಲೆಗೆ ಬಂದಾಗ ನೋಡಬಹುದು. ಕೈತೊಳೆಯುವ ನಲ್ಲಿಯು ಬಾಗಿಲ ಬಲಗಡೆಗಿದೆ.